ಶ್ವೇತಭವನ ಕಟ್ಟಿದ ಗುಲಾಮರು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಯಾರೇ ಬಂದರೂ ನಾವು ಅವರನ್ನು ವಾಷಿಂಗ್ಟನ್ನಿಗೆ ಕರೆದುಕೊಂಡು ಹೋಗುತ್ತೇವೆ. ಬೇಲಿಯ ಆಚೆ ಬಿಳೀ ಕಟ್ಟಡ, ಈಚೆ ನಾವು, ಒಂದು ಫೋಟೋ. ನಮ್ಮಪ್ಪ ಬಂದಾಗ ಫೋಟೋ ತೆಗೆಸಿಕೊಳ್ಳಲಿಲ್ಲ. ಬೇಲಿ ಹಿಡಿದುಕೊಂಡು ನಿಂತು, "ಇದನ್ನ ಕಟ್ಟಿದವರು ಯಾರೋ?" ಅಂತ ಕೇಳಿದರು. ಜೇಮ್ಸ್ ಹೋಬನ್ ಅಂದೆ. "ಅವರು ನಕ್ಷೆ ಹಾಕಿದವರು ಕಣೋ. ಕಲ್ಲು ಹೊತ್ತವರು ಯಾರು?" ಅಂದರು. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಇಡೀ ಜೀವನ ಮಸ್ಟರ್ ರೋಲ್ ಬರೆದವರು. ಆ ಪ್ರಶ್ನೆ ಅವರಿಗೆ ಸಹಜ. ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. ಈಗ ನೆಂಟರು, ಗೆಳೆಯರು, ಮಕ್ಕಳು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಇಟ್ಟಿದ್ದೇನೆ.

ಶ್ವೇತಭವನವನ್ನು ಕಟ್ಟಿದ್ದು ಗುಲಾಮರೇ ಅನ್ನೋದು ನಿಜಾನಾ?

ನಿಜ. ಆದರೆ ಅವರೊಬ್ಬರೇ ಅಲ್ಲ. 1792ರ ಅಕ್ಟೋಬರ್ 13ರಂದು ಅಡಿಗಲ್ಲು ಹಾಕಿದರು. 1800ರ ನವೆಂಬರ್ 1ರಂದು ಜಾನ್ ಆಡಮ್ಸ್ ವಾಸಕ್ಕೆ ಬಂದರು, ಅಲ್ಲಿ ಇದ್ದ ಮೊದಲ ಅಧ್ಯಕ್ಷರು ಅವರೇ. ನಡುವಿನ ಎಂಟು ವರ್ಷ ಅಲ್ಲಿ ಸ್ಕಾಟ್ಲೆಂಡಿನ ಕಲ್ಲುಕುಟಿಗರು, ಐರ್ಲೆಂಡಿನಿಂದ ಬಂದವರು, ಮೇರಿಲ್ಯಾಂಡ್ ಮತ್ತು ವರ್ಜೀನಿಯಾದ ಬಿಳಿಯ ಕೂಲಿಗಳು, ಸ್ವತಂತ್ರರಾಗಿದ್ದ ಕೆಲವು ಕರಿಯರು, ಗುಲಾಮಗಿರಿಯಲ್ಲಿದ್ದ ಕರಿಯರು, ಎಲ್ಲರೂ ದುಡಿದರು. ಕಲ್ಲು ಒಡೆಯುವುದು, ಇಟ್ಟಿಗೆ ಸುಡುವುದು, ಮರ ಕೊಯ್ಯುವುದು, ಮಣ್ಣು ಹೊರುವುದು ಇಂಥ ಭಾರದ ಕೆಲಸದ ಬಹುಪಾಲು ಗುಲಾಮರ ಮೇಲೆ ಬಿತ್ತು.

ಅಷ್ಟಕ್ಕೂ ಗುಲಾಮರನ್ನೇ ಯಾಕೆ ಹಿಡಿದರು? ಬೇರೆ ಕೂಲಿಗಳು ಸಿಗಲಿಲ್ವಾ?

ಸಿಗಲಿಲ್ಲ. ರಾಜಧಾನಿ ಅಂತ ಗುರುತು ಹಾಕಿದ ಜಾಗ ಆಗ ಊರೇ ಅಲ್ಲ. ಹೊಲ, ಕಾಡು, ಜೌಗು. ಕಾಮಗಾರಿ ನೋಡಿಕೊಳ್ಳಲು ನೇಮಕವಾದ ಕಮಿಷನರುಗಳು ಮೊದಲು ಯೂರೋಪಿನಿಂದ ಕೆಲಸಗಾರರನ್ನು ತರಿಸುವ ಯೋಚನೆ ಮಾಡಿದರು. ಬಂದವರು ತೀರಾ ಕಡಿಮೆ. ಆ ಜಾಗ ಇದ್ದದ್ದು ಮೇರಿಲ್ಯಾಂಡ್, ವರ್ಜೀನಿಯಾಗಳ ನಡುವೆ. ಎರಡೂ ಕಡೆ ತಂಬಾಕಿನ ತೋಟಗಳು, ತೋಟಗಳ ತುಂಬ ಗುಲಾಮರು. 1792ರಲ್ಲಿ ಕಮಿಷನರುಗಳು ಒಂದು ತೀರ್ಮಾನ ಬರೆದರು. ಗಟ್ಟಿಮುಟ್ಟಾದ ನೀಗ್ರೋ ಕೂಲಿಗಳನ್ನು ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು. ಬಟ್ಟೆ ಮತ್ತು ಒಂದು ಕಂಬಳಿ ಮಾಲೀಕರದ್ದು. ಊಟ ಕಮಿಷನರುಗಳದ್ದು. ವರ್ಷಕ್ಕೆ 21 ಪೌಂಡ್, ಅಂದರೆ 60 ಡಾಲರಿಗಿಂತ ಕೊಂಚ ಕಡಿಮೆ.

ಎತ್ತಿನ ಗಾಡಿ ಬಾಡಿಗೆಗೆ ಗೊತ್ತು ಮಾಡುವಾಗ ಮೇವು ಯಾರದ್ದು, ಗಾಡಿ ರಿಪೇರಿ ಯಾರದ್ದು ಅಂತ ಮಾತಾಡಿಕೊಳ್ಳುತ್ತೇವಲ್ಲ, ಹಾಗಿದೆ ಆ ಬರಹ.

ಅಂದರೆ ಕೂಲಿ ಕೊಟ್ಟರು ಅಂತಾಯ್ತಲ್ಲ?

ಕೊಟ್ಟರು. ಮಾಲೀಕರಿಗೆ. ಇದನ್ನು ನಿಧಾನವಾಗಿ ನೋಡಬೇಕು.

ಆ ಕಾಲದ ಬಟವಾಡೆ ಪಟ್ಟಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗಲೂ ಇವೆ. ಚಿತ್ರಗಳನ್ನು ಆನ್‌ಲೈನ್‌ನಲ್ಲಿ ನೋಡಬಹುದು. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಕೈಯಲ್ಲಿ ಎಳೆದ ಗೆರೆ, ಬಾಗಿದ ಅಕ್ಷರ. ಹೆಸರು, ಎಷ್ಟು ದಿನ, ಎಷ್ಟು ದರ, ಒಟ್ಟು ಎಷ್ಟು. ಕೊನೆಯಲ್ಲಿ ಹಣ ಪಡೆದವರ ಸಹಿ. 1795ರ ಬಡಗಿಗಳ ಪಟ್ಟಿಯಲ್ಲಿ ಟಾಮ್, ಪೀಟರ್, ಬೆನ್, ಹ್ಯಾರಿ, ಡೇನಿಯಲ್ ಅಂತ ಐದು ಹೆಸರು. ಬಿಳಿಯ ಬಡಗಿಗಳಿಗೆ ಪೂರ್ತಿ ಹೆಸರಿದೆ. ಇವರಿಗೆ ಒಂದೇ ಪದ. ಇವರಲ್ಲಿ ಹೆಚ್ಚಿನವರ ಮಾಲೀಕ ಯಾರು ಗೊತ್ತಾ? ನಕ್ಷೆ ಹಾಕಿದ ಜೇಮ್ಸ್ ಹೋಬನ್ ಅವರೇ.

ಈ ಪಟ್ಟಿಯನ್ನು ಅಪ್ಪನಿಗೆ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿ, "ಹೆಬ್ಬೆಟ್ಟಿನ ಗುರುತೂ ಇಲ್ಲ" ಅಂದರು. ಅವರ ಮಸ್ಟರ್ ರೋಲಿನಲ್ಲಿ ಓದು ಬಾರದ ಕೂಲಿಯೂ ತನ್ನ ಹಣಕ್ಕೆ ತಾನೇ ಹೆಬ್ಬೆಟ್ಟು ಒತ್ತುತ್ತಿದ್ದ. ಇಲ್ಲಿ ಬೆವರು ಒಬ್ಬರದ್ದು, ಸಹಿ ಇನ್ನೊಬ್ಬರದ್ದು.

ಅವರು ನಿಜವಾಗಿ ಮಾಡಿದ ಕೆಲಸ ಎಂಥದ್ದು?

ಕಲ್ಲಿನಿಂದ ಶುರು ಮಾಡೋಣ. ಶ್ವೇತಭವನದ ಹೊರಗೋಡೆ ಮರಳುಗಲ್ಲಿನದು. ಅದು ಬಂದದ್ದು ವರ್ಜೀನಿಯಾದ ಅಕ್ವಾಯಾ ಹೊಳೆಯ ಒಂದು ದ್ವೀಪದಿಂದ. ರಾಜಧಾನಿಯ ಕಟ್ಟಡಗಳಿಗಾಗಿಯೇ ಸರ್ಕಾರ ಆ ಕ್ವಾರಿಯನ್ನು ತೆಗೆದುಕೊಂಡಿತ್ತು. ಕಲ್ಲಿನ ಮೇಸ್ತ್ರಿ ಕಾಲೆನ್ ವಿಲಿಯಮ್ಸನ್ ಅಲ್ಲೇ ಗುಲಾಮರಿಗೆ ಕೆಲಸ ಕಲಿಸಿದರು. ಬಂಡೆಯಲ್ಲಿ ಉದ್ದಕ್ಕೆ ಕಾಲುವೆ ತೋಡಬೇಕು. ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಅಗಲದ ಕಾಲುವೆ. ಆಮೇಲೆ ಬೆಣೆ ಹೊಡೆದು ದಿಮ್ಮಿಯನ್ನು ಬಿಡಿಸಿ, ದೋಣಿಗೆ ಹೇರಿ, ಪೊಟೋಮ್ಯಾಕ್ ನದಿಯಲ್ಲಿ ಸುಮಾರು 40 ಮೈಲಿ ಮೇಲಕ್ಕೆ ಸಾಗಿಸಬೇಕು. ಅಲ್ಲಿ ಸ್ಕಾಟ್ ಕಲ್ಲುಕುಟಿಗರು ಅದನ್ನು ನುಣುಪು ಮಾಡಿ ಗೋಡೆಗೆ ಕೂರಿಸಿದರು.

ಆ ಕಲ್ಲು ಮೃದು, ನೀರು ಹೀರುತ್ತದೆ. ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿದರೆ ಬಿರುಕು ಬಿಡುತ್ತದೆ. ಅದಕ್ಕೇ 1798ರಲ್ಲಿ ಮೈತುಂಬ ಸುಣ್ಣ ಬಳಿದರು. ಭವನ ಬಿಳಿಯಾದದ್ದು ಆಗ. 1814ರಲ್ಲಿ ಬ್ರಿಟಿಷ್ ಸೈನಿಕರು ಇಟ್ಟ ಬೆಂಕಿಯ ಮಸಿ ಮುಚ್ಚಲು ಬಿಳಿ ಬಳಿದರು ಅನ್ನುವ ಕಥೆ ನಾವೆಲ್ಲ ಕೇಳಿದ್ದೇವೆ, ಅದು ಸರಿಯಲ್ಲ.

ಗೋಡೆಯ ಒಳಗಿನ ಇಟ್ಟಿಗೆಯನ್ನು ಅಲ್ಲೇ ಪಕ್ಕದಲ್ಲಿ ಮಣ್ಣು ತೆಗೆದು, ಗೂಡು ಹಾಕಿ ಸುಟ್ಟರು. ಇನ್ನು ಮರ. ಆಗ ಯಂತ್ರದ ಗರಗಸ ಅಲ್ಲಿರಲಿಲ್ಲ. ಗುಂಡಿಯ ಮೇಲೆ ದಿಮ್ಮಿ ಇಟ್ಟು ಒಬ್ಬರು ಮೇಲೆ, ಒಬ್ಬರು ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯಬೇಕು. ಮಲೆನಾಡಿನ ಹಿರಿಯರಿಗೆ ಈ ಕೈಗರಗಸದ ಕೆಲಸ ಗೊತ್ತಿರುತ್ತದೆ. ಕೆಳಗಿದ್ದವರ ಕಣ್ಣು, ಮೂಗು, ಬಾಯಿಗೆಲ್ಲ ಮರದ ಹೊಟ್ಟು.

"ಅವರನ್ನ ಚೆನ್ನಾಗೇ ನೋಡಿಕೊಂಡಿದ್ದರು, ಊಟ ಇತ್ತು" ಅಂತ ಯಾರೋ ಟಿವಿಯಲ್ಲಿ ಹೇಳಿದ್ದರಲ್ಲ?

2016ರಲ್ಲಿ ಮಿಶೆಲ್ ಒಬಾಮಾ ಒಂದು ಭಾಷಣದಲ್ಲಿ, ಗುಲಾಮರು ಕಟ್ಟಿದ ಮನೆಯಲ್ಲಿ ನಾನು ದಿನಾ ಏಳುತ್ತೇನೆ ಅಂದರು. ಅದಕ್ಕೆ ಬಂದ ಪ್ರತಿಕ್ರಿಯೆ ಅದು. ಅಲ್ಲೇ ಇದ್ದು ಕಣ್ಣಾರೆ ಕಂಡವರು ಏನು ಬರೆದಿದ್ದಾರೆ ನೋಡೋಣ. 1800ರ ನವೆಂಬರಿನಲ್ಲಿ ಜಾನ್ ಆಡಮ್ಸ್ ಅವರ ಪತ್ನಿ ಅಬಿಗೇಲ್ ಆಡಮ್ಸ್ ಹೊಸ ಮನೆಯ ಕಿಟಕಿಯಿಂದ ನೋಡಿದ್ದನ್ನು ಕಾಗದದಲ್ಲಿ ಬರೆದರು. ಮನೆಯ ಮುಂದಿನ ಮಣ್ಣು ತೆಗೆಯಲು 12 ಜನ ಗುಲಾಮರು, 4 ಸಣ್ಣ ಗಾಡಿ. ಅರೆಹೊಟ್ಟೆ, ಮೈಮೇಲೆ ಸರಿಯಾದ ಬಟ್ಟೆ ಇಲ್ಲ. ಆಡಮ್ಸ್ ದಂಪತಿಗೆ ಸ್ವಂತ ಗುಲಾಮರು ಇರಲಿಲ್ಲ. ಹಾಗಂತ ಅಬಿಗೇಲ್ ಪೂರ್ತಿ ಅವರ ಪರವಾಗಿ ಮಾತಾಡಿದರು ಅಂತಲೂ ಅಲ್ಲ. ನಮ್ಮ ಕಡೆಯ ಇಬ್ಬರು ಗಂಡಸರು ಈ 12 ಜನರ ಕೆಲಸ ಮಾಡಿ ಮುಗಿಸುತ್ತಾರೆ ಅಂತಲೂ ಅದೇ ಕಾಗದದಲ್ಲಿದೆ. ಅರೆಹೊಟ್ಟೆಯಲ್ಲಿ, ತಮಗೆ ಒಂದು ಕಾಸೂ ಬಾರದ ಕೆಲಸವನ್ನು ಯಾರು ತಾನೇ ಓಡಿ ಓಡಿ ಮಾಡುತ್ತಾರೆ?

ಹೊಟ್ಟೆ ತುಂಬ ಊಟ ಇದ್ದಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಊಟ ಹಾಕಿದ್ದು ಮಾರನೇ ದಿನ ಮತ್ತೆ ದುಡಿಸಲಿಕ್ಕೆ.

ಕಟ್ಟಿ ಮುಗಿದ ಮೇಲೆ? ಮನೆಯೊಳಗೂ ಗುಲಾಮರು ಇದ್ದರಾ?

ಇದ್ದರು. ನನ್ನ ಮಟ್ಟಿಗೆ ಜಾಸ್ತಿ ಮರೆತುಹೋಗಿರುವುದು ಈ ಭಾಗವೇ.

ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ಫ್ರೆಂಚ್ ಅಡುಗೆ ಅಂದರೆ ಪ್ರಾಣ. ಒನೊರೆ ಜೂಲಿಯೆನ್ ಎಂಬ ಫ್ರೆಂಚ್ ಬಾಣಸಿಗರನ್ನು ಇಟ್ಟುಕೊಂಡರು. ಅವರ ಕೈಕೆಳಗೆ ಕಲಿಯಲಿ ಅಂತ ತಮ್ಮ ಮಾಂಟಿಸೆಲೊ ತೋಟದಿಂದ ಮೂವರು ಹುಡುಗಿಯರನ್ನು ಕರೆಸಿದರು. ಮೊದಲು ಬಂದವರು ಉರ್ಸುಲಾ, ವಯಸ್ಸು 14. ಅವರು 1802ರಲ್ಲಿ ಹೆತ್ತ ಮಗುವೇ ಶ್ವೇತಭವನದಲ್ಲಿ ಹುಟ್ಟಿದ ಮೊದಲ ಮಗು ಅಂತ ಇತಿಹಾಸಕಾರರು ಹೇಳುತ್ತಾರೆ. ಅದು ಹೆಚ್ಚು ದಿನ ಬದುಕಲಿಲ್ಲ. ಆಮೇಲೆ 15ರ ಎಡಿತ್ ಬಂದರು. 1806ರಲ್ಲಿ 18ರ ಫ್ಯಾನಿ.

ಎಡಿತ್ ಅವರ ಗಂಡ ಜೋ ಫಾಸೆಟ್ ಮಾಂಟಿಸೆಲೊದಲ್ಲಿ ಕಮ್ಮಾರರು. ಹೆಂಡತಿ ವಾಷಿಂಗ್ಟನ್ನಿನ ಅಡುಗೆಮನೆಯಲ್ಲಿ, ಗಂಡ ನೂರು ಮೈಲಿಗೂ ದೂರ. 1806ರಲ್ಲಿ ಜೋ ಹೇಳದೆ ಕೇಳದೆ ತೋಟ ಬಿಟ್ಟು ಹೊರಟರು. ಓಡಿಹೋದದ್ದು ಸ್ವಾತಂತ್ರ್ಯದ ಕಡೆಗಲ್ಲ, ಹೆಂಡತಿ ಇದ್ದ ಕಡೆಗೆ. ಜೆಫರ್ಸನ್ ಹಿಂದೆಯೇ ಜನ ಕಳಿಸಿದರು. ಶ್ವೇತಭವನದ ಹತ್ತಿರವೇ ಜೋ ಸಿಕ್ಕಿಬಿದ್ದರು, ವಾಪಸ್ ಕಳಿಸಿದರು.

ಈ ಮೂವರಿಗೂ ಸಂಬಳ ಇರಲಿಲ್ಲ. ತಿಂಗಳಿಗೆ 2 ಡಾಲರ್ ಭಕ್ಷೀಸು ಸಿಗುತ್ತಿತ್ತು. 1809ರಲ್ಲಿ ಜೆಫರ್ಸನ್ ಊರಿಗೆ ಮರಳಿದ ಮೇಲೆ ಎಡಿತ್ ಮಾಂಟಿಸೆಲೊದ ಮುಖ್ಯ ಅಡುಗೆಯವರಾದರು. ಅಲ್ಲಿಗೆ ಬಂದ ಅತಿಥಿಗಳು ಊಟವನ್ನು ಹೊಗಳಿ ಬರೆದರು, ಅಡುಗೆ ಮಾಡಿದವರ ಹೆಸರು ಬರೆಯಲಿಲ್ಲ. 1826ರಲ್ಲಿ ಜೆಫರ್ಸನ್ ತೀರಿಕೊಂಡರು. ಅವರ ಉಯಿಲಿನಲ್ಲಿ ಜೋಗೆ ಬಿಡುಗಡೆ ಇತ್ತು, ಹೆಂಡತಿ ಮಕ್ಕಳಿಗೆ ಇರಲಿಲ್ಲ. 1827ರ ಜನವರಿಯಲ್ಲಿ ಸಾಲ ತೀರಿಸಲು ತೋಟದ ಜನರನ್ನು ಹರಾಜಿಗೆ ಹಾಕಿದರು. ಎಡಿತ್ ಮತ್ತು ಮಕ್ಕಳೂ ಆ ಹರಾಜಿನಲ್ಲಿ ಹೋದರು. ಮಗ ಪೀಟರ್ ಆಗ 11 ವರ್ಷದ ಹುಡುಗ. ಮುಂದೆ ಅವರು ಸಿನ್ಸಿನಾಟಿಯಲ್ಲಿ ಪಾದ್ರಿಯಾದರು, ಅಡುಗೆ ಕಂಟ್ರಾಕ್ಟ್ ಕೂಡ ಹಿಡಿಯುತ್ತಿದ್ದರು. ಅಮ್ಮನ ಕಸುಬು ಮಗನ ಕೈಗೆ ಬಂದಿತ್ತು.

ನೀವು ಗುಲಾಮರನ್ನೂ "ಬಂದರು, ಹೋದರು" ಅಂತ ಬರೆಯುತ್ತೀರಲ್ಲ, ಯಾಕೆ?

ಬೇಕಂತಲೇ. ಕನ್ನಡದಲ್ಲಿ ಅಧ್ಯಕ್ಷರು "ಹೇಳಿದರು", ಆಳು "ಹೇಳಿದ" ಅಂತ ಕೈ ತಾನಾಗಿ ಬರೆದುಬಿಡುತ್ತದೆ. ನನ್ನ ಮೊದಲ ಟಿಪ್ಪಣಿಯಲ್ಲಿ "ಎಡಿತ್ ಬಂದಳು, ಜೆಫರ್ಸನ್ ಕರೆಸಿದರು" ಅಂತಿತ್ತು. ಓದಿದಾಗ ಕಸಿವಿಸಿಯಾಯಿತು, ತಿದ್ದಿದೆ.

1814ರ ಬೆಂಕಿಯಲ್ಲಿ ವಾಷಿಂಗ್ಟನ್ ಅವರ ದೊಡ್ಡ ಚಿತ್ರವನ್ನು ಅಧ್ಯಕ್ಷರ ಹೆಂಡತಿಯೇ ಹೊತ್ತುಕೊಂಡು ಓಡಿದರು ಅಂತ ಓದಿದ್ದೇವೆ. ಹೌದಾ?

ಅಲ್ಲ. ಹಾಗಲ್ಲ ಅಂತ ಬರೆದಿಟ್ಟವರು ಅಲ್ಲೇ ಇದ್ದ ಗುಲಾಮ ಪಾಲ್ ಜೆನಿಂಗ್ಸ್.

ಜೆನಿಂಗ್ಸ್ 1799ರಲ್ಲಿ ಜೇಮ್ಸ್ ಮ್ಯಾಡಿಸನ್ ಅವರ ತೋಟದಲ್ಲಿ ಹುಟ್ಟಿದರು. ಮ್ಯಾಡಿಸನ್ ಅಧ್ಯಕ್ಷರಾದಾಗ ಹತ್ತು ವರ್ಷದ ಹುಡುಗನಾಗಿ ಶ್ವೇತಭವನಕ್ಕೆ ಬಂದರು. 1814ರ ಆಗಸ್ಟ್ 24ರಂದು ಮಧ್ಯಾಹ್ನದ ಊಟಕ್ಕೆ ಅತಿಥಿಗಳು ಬರುವವರಿದ್ದರು. ಮೇಜು ಸಜ್ಜು ಮಾಡಿದ್ದು, ವೈನ್ ತಂದು ತಣ್ಣಗೆ ಇಟ್ಟಿದ್ದು ಜೆನಿಂಗ್ಸ್. ಅಷ್ಟರಲ್ಲಿ ಜೇಮ್ಸ್ ಸ್ಮಿತ್ ಎಂಬ ಸ್ವತಂತ್ರ ಕರಿಯ ಸವಾರ ಟೋಪಿ ಬೀಸುತ್ತ ಕುದುರೆಯ ಮೇಲೆ ಬಂದು, ಹೊರಡಿ ಹೊರಡಿ, ನಮ್ಮ ಸೈನ್ಯ ಹಿಂದೆ ಸರಿಯುತ್ತಿದೆ ಅಂತ ಕೂಗಿದರು. ಎಲ್ಲರೂ ದಿಕ್ಕಾಪಾಲು.

ಚಿತ್ರವನ್ನು ಉಳಿಸಿ ಅಂದದ್ದು ಅಧ್ಯಕ್ಷರ ಹೆಂಡತಿ ಡಾಲಿ ಮ್ಯಾಡಿಸನ್. ಆದರೆ ಅದು ಎಂಟು ಅಡಿ ಎತ್ತರದ್ದು. ಇಳಿಸಲು ಏಣಿ ಬೇಕು, ಅವರಿಗೆ ಅಷ್ಟು ಪುರುಸೊತ್ತೇ ಇರಲಿಲ್ಲ, ಕೈಚೀಲಕ್ಕೆ ಬೆಳ್ಳಿ ಸಾಮಾನು ತುಂಬಿಕೊಂಡು ಹೊರಟರು ಅಂತ ಜೆನಿಂಗ್ಸ್ ಬರೆದಿದ್ದಾರೆ. ಚಿತ್ರ ಇಳಿಸಿ ಗಾಡಿಯಲ್ಲಿ ಕಳಿಸಿದ್ದು ಬಾಗಿಲು ಕಾಯುತ್ತಿದ್ದ ಫ್ರೆಂಚರು ಮತ್ತು ತೋಟದ ಮಾಲಿ. ಜೆನಿಂಗ್ಸ್ ಸಜ್ಜು ಮಾಡಿದ್ದ ಊಟವನ್ನು ಬ್ರಿಟಿಷ್ ಸೈನಿಕರು ಬಂದು ತಿಂದು, ಆಮೇಲೆ ಮನೆಗೆ ಬೆಂಕಿ ಇಟ್ಟರು.

ಜೆನಿಂಗ್ಸ್ ಕೊನೆಗೆ ಬಿಡುಗಡೆ ಆದರಾ?

ಆದರು, ಆದರೆ ಎಷ್ಟು ಸುತ್ತಿ ಬಳಸಿ! 1836ರಲ್ಲಿ ಮ್ಯಾಡಿಸನ್ ಸಾಯುವಾಗಲೂ ಪಕ್ಕದಲ್ಲಿದ್ದವರು ಇವರೇ. ಆಮೇಲೆ ಡಾಲಿ ಅವರಿಗೆ ಹಣದ ಮುಗ್ಗಟ್ಟು. ತಾವು ಸತ್ತ ಮೇಲೆ ಜೆನಿಂಗ್ಸ್‌ಗೆ ಬಿಡುಗಡೆ ಅಂತ ಉಯಿಲು ಬರೆದಿದ್ದರೂ 1846ರಲ್ಲಿ ಅವರನ್ನು ಮಾರಿಬಿಟ್ಟರು. 1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಬಿಡಿಸಿದರು. ತಿಂಗಳಿಗೆ 8 ಡಾಲರಿನ ಲೆಕ್ಕದಲ್ಲಿ ಜೆನಿಂಗ್ಸ್ ದುಡಿದು ಸಾಲ ತೀರಿಸಬೇಕು.

ಇನ್ನೊಂದು ವಿಷಯ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತೆ. ಡಾಲಿ ಕೊನೆಗಾಲದಲ್ಲಿ ಊಟಕ್ಕೂ ಕಷ್ಟಪಡುತ್ತಿದ್ದರು. ವೆಬ್‌ಸ್ಟರ್ ಬುಟ್ಟಿ ತುಂಬ ದಿನಸಿ ಕೊಟ್ಟು ಜೆನಿಂಗ್ಸ್ ಅವರನ್ನು ಡಾಲಿ ಅವರ ಮನೆಗೆ ಕಳಿಸುತ್ತಿದ್ದರು. ಜೆನಿಂಗ್ಸ್ ಆಗಾಗ ತಮ್ಮ ಜೇಬಿನಿಂದಲೂ ಒಂದಿಷ್ಟು ಹಣ ಕೊಟ್ಟು ಬರುತ್ತಿದ್ದರು. ತಮ್ಮನ್ನು ಮಾರಿದವರಿಗೆ.

1865ರಲ್ಲಿ ಜೆನಿಂಗ್ಸ್ ಅವರ ನೆನಪುಗಳು ಸಣ್ಣ ಪುಸ್ತಕವಾಗಿ ಬಂದವು. ಶ್ವೇತಭವನದ ಒಳಗಿನ ಬದುಕಿನ ಬಗ್ಗೆ ಬಂದ ಮೊದಲ ನೆನಪಿನ ಪುಸ್ತಕ ಅದು. 1874ರಲ್ಲಿ ತೀರಿಕೊಂಡರು. 2009ರ ಆಗಸ್ಟ್ 24ರಂದು, ಬೆಂಕಿ ಬಿದ್ದ ಅದೇ ದಿನ, ಅವರ ವಂಶದವರು ಶ್ವೇತಭವನಕ್ಕೆ ಹೋಗಿ ಆ ಚಿತ್ರದ ಮುಂದೆ ನಿಂತರು.

ಎಷ್ಟು ಅಧ್ಯಕ್ಷರು ಗುಲಾಮರನ್ನು ಇಟ್ಟುಕೊಂಡಿದ್ದರು?

ಒಟ್ಟು 12 ಅಧ್ಯಕ್ಷರು ಬದುಕಿನ ಒಂದಲ್ಲ ಒಂದು ಹೊತ್ತಿನಲ್ಲಿ. ಅವರಲ್ಲಿ 8 ಜನ ಅಧ್ಯಕ್ಷರಾಗಿದ್ದಾಗಲೂ. ಜೇಮ್ಸ್ ಪೋಕ್ ಅಧಿಕಾರದಲ್ಲಿದ್ದಾಗಲೇ ಬೇರೆಯವರ ಕೈಯಿಂದ ಗುಟ್ಟಾಗಿ ತಮ್ಮ ತೋಟಕ್ಕೆ ಹೊಸದಾಗಿ ಗುಲಾಮರನ್ನು ಕೊಂಡರು, ಅವರಲ್ಲಿ ಎಷ್ಟೋ ಜನ ಮಕ್ಕಳು. ಅಧ್ಯಕ್ಷರಾಗಿದ್ದಾಗಲೂ ಗುಲಾಮರನ್ನು ಇಟ್ಟುಕೊಂಡವರಲ್ಲಿ 1850ರಲ್ಲಿ ತೀರಿಕೊಂಡ ಜಕಾರಿ ಟೇಲರ್ ಕೊನೆಯವರು.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಶ್ವೇತಭವನದಲ್ಲಿ ಇರಲೇ ಇಲ್ವಲ್ಲ?

ಇರಲಿಲ್ಲ. 1790ರಿಂದ 1797ರವರೆಗೆ ಅವರು ಫಿಲಡೆಲ್ಫಿಯಾದ ಒಂದು ಬಾಡಿಗೆ ಮನೆಯಲ್ಲಿದ್ದರು. ಅಲ್ಲಿ ಒಂಬತ್ತು ಜನ ಗುಲಾಮರನ್ನು ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನಿಂದ ಬಂದ ಮಾಲೀಕ ಆರು ತಿಂಗಳಿಗಿಂತ ಜಾಸ್ತಿ ಅಲ್ಲಿ ಇಟ್ಟುಕೊಂಡ ಗುಲಾಮರು ಬಿಡುಗಡೆ ಕೇಳಬಹುದಿತ್ತು. ಆರು ತಿಂಗಳು ತುಂಬುವ ಮೊದಲೇ ಏನಾದರೂ ನೆಪ ಹೇಳಿ ಅವರನ್ನು ರಾಜ್ಯದ ಗಡಿ ದಾಟಿಸಿ ಕರೆತರುತ್ತಿದ್ದರು. ಅವರಿಗೂ ಜನರಿಗೂ ಗೊತ್ತಾಗಬಾರದು ಅಂತ ವಾಷಿಂಗ್ಟನ್ ತಮ್ಮ ಕಾರ್ಯದರ್ಶಿಗೆ ಬರೆದ ಕಾಗದ ಇದೆ.

ಆ ಮನೆಯಿಂದ 1796ರ ಮೇ 21ರಂದು ಓನಿ ಜಡ್ಜ್ ಎಂಬ ಯುವತಿ ತಪ್ಪಿಸಿಕೊಂಡರು. ಜಾರ್ಜ್ ಅವರ ಪತ್ನಿ ಮಾರ್ಥಾ ವಾಷಿಂಗ್ಟನ್ ಅವರ ಖಾಸಾ ಸೇವಕಿ. ಮಾರ್ಥಾ ಅವರ ಮೊಮ್ಮಗಳಿಗೆ ತನ್ನನ್ನು ಕೊಡುತ್ತಾರೆ ಅಂತ ಗೊತ್ತಾಗಿತ್ತು. ಮನೆಯವರು ವರ್ಜೀನಿಯಾಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದಾಗ ಇವರೂ ತಮ್ಮ ಗಂಟು ಕಟ್ಟಿದರು. ಸಾಮಾನನ್ನು ಮೊದಲೇ ಊರಿನ ಕರಿಯ ಗೆಳೆಯರ ಮನೆಗೆ ಸಾಗಿಸಿದ್ದರು. ವಾಷಿಂಗ್ಟನ್ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಬಾಗಿಲು ದಾಟಿ, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದರು. ಹಿಡಿದುಕೊಟ್ಟವರಿಗೆ 10 ಡಾಲರ್ ಇನಾಮು ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು. ಸಿಗಲಿಲ್ಲ. 1848ರಲ್ಲಿ ಸಾಯುವವರೆಗೂ ಕಾನೂನಿನ ಪ್ರಕಾರ ಅವರು ಓಡಿಹೋದ ಗುಲಾಮರೇ. ಬಡತನದಲ್ಲಿ ಬದುಕಿದರು. ಬಿಟ್ಟು ಬಂದದ್ದಕ್ಕೆ ಬೇಸರ ಇದೆಯಾ ಅಂತ ಮುದಿವಯಸ್ಸಿನಲ್ಲಿ ಪತ್ರಿಕೆಯವರು ಕೇಳಿದಾಗ, ಇಲ್ಲ, ನಾನು ಸ್ವತಂತ್ರಳು ಅಂದರು.

ಇದು ನಮ್ಮ ಕಡೆಯ ಜೀತದ ಹಾಗೇನಾ?

ಹತ್ತಿರದ್ದು, ಆದರೆ ಅದೇ ಅಲ್ಲ. ಜೀತದಲ್ಲಿ ಸಾಲ ಇರುತ್ತದೆ. ಸುಳ್ಳು ಲೆಕ್ಕವೇ ಆಗಲಿ, ತೀರದೇ ಇರಲಿ, ಸಾಲ ಅಂತ ಒಂದು ಇರುತ್ತದೆ. ಅಪ್ಪನ ಸಾಲಕ್ಕೆ ಮಗ ದುಡಿದ ಮನೆಗಳು ನಮ್ಮ ಊರುಗಳಲ್ಲೇ ಇದ್ದವು. ನಮ್ಮಲ್ಲಿ ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಅಮೆರಿಕದ ಗುಲಾಮಗಿರಿಯಲ್ಲಿ ಸಾಲದ ಮಾತೇ ಇಲ್ಲ. ಮನುಷ್ಯರೇ ಆಸ್ತಿ. ತಾಯಿ ಗುಲಾಮಳಾದರೆ ಹೊಟ್ಟೆಯ ಕೂಸೂ ಮಾಲೀಕನದ್ದು. ಈ ಎರಡರಲ್ಲಿ ಯಾವುದು ವಾಸಿ ಅಂತ ತೂಗುವ ಕೆಲಸ ನನಗೆ ಬೇಡ.

ವಾಷಿಂಗ್ಟನ್ ಊರಿನಲ್ಲಿ ಇದು ಮುಗಿದದ್ದು ಯಾವಾಗ?

1862ರ ಏಪ್ರಿಲ್ 16ರಂದು ಲಿಂಕನ್ ಸಹಿ ಹಾಕಿದ ಕಾನೂನಿನಿಂದ. ಸುಮಾರು 3,100 ಜನ ಬಿಡುಗಡೆಯಾದರು. ಆಗಲೂ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, ಬಿಡುಗಡೆಯಾದ ಒಬ್ಬೊಬ್ಬರ ಲೆಕ್ಕಕ್ಕೆ 300 ಡಾಲರಿನವರೆಗೆ. ಇಡೀ ದೇಶದಲ್ಲಿ ರದ್ದಾದದ್ದು 1865ರ ಡಿಸೆಂಬರಿನಲ್ಲಿ, 13ನೇ ತಿದ್ದುಪಡಿಯಿಂದ.

ಈಗಿನ ಕಟ್ಟಡ ಹಳೆಯದೇನಾ? ಎಲ್ಲ ಕೆಡವಿ ಕಟ್ಟಿದರು ಅಂತಾರೆ.

ಅಧ್ಯಕ್ಷ ಟ್ರೂಮನ್ ಕಾಲದಲ್ಲಿ, 1948ರಿಂದ 1952ರ ನಡುವೆ, ಒಳಗಿನದ್ದನ್ನೆಲ್ಲ ಬಿಚ್ಚಿ ಉಕ್ಕಿನ ಚೌಕಟ್ಟು ಕೂರಿಸಿದರು. ಹೊರಗೋಡೆಯನ್ನು ಮುಟ್ಟಲಿಲ್ಲ. ಅಂದರೆ ನಿಮ್ಮ ಫೋಟೋದ ಹಿಂದೆ ಕಾಣುವುದು ಅಕ್ವಾಯಾದ ಅದೇ ಕಲ್ಲು. ಆಗ ಒಳಗಡೆ ಬಿಚ್ಚಿದ ಕೆಲವು ಕಲ್ಲುಗಳ ಮೇಲೆ ಸ್ಕಾಟ್ ಕುಟಿಗರು ಕೆತ್ತಿದ ಗುರುತುಗಳು ಸಿಕ್ಕವು. ಇದು ನನ್ನ ಕೆಲಸ ಅಂತ ಹೇಳುವ ಸಣ್ಣ ಚಿಹ್ನೆ. ಬಂಡೆಯಿಂದ ಆ ಕಲ್ಲನ್ನು ಬಿಡಿಸಿದವರಿಗೆ ಅಂಥ ಗುರುತು ಇಲ್ಲ.

ಹೆಸರುಗಳನ್ನು ಯಾರಾದರೂ ಹುಡುಕುತ್ತಿದ್ದಾರಾ?

ಹೌದು. ಶ್ವೇತಭವನ ಇತಿಹಾಸ ಸಂಘದವರು ಬಟವಾಡೆ ಪಟ್ಟಿ, ರಸೀದಿ ಎಲ್ಲ ಜಾಲಾಡಿ, ಕಟ್ಟುವ ಕೆಲಸದಲ್ಲಿದ್ದ 200ಕ್ಕೂ ಹೆಚ್ಚು ಗುಲಾಮರ ಹೆಸರುಗಳನ್ನು ಗುರುತಿಸಿದ್ದಾರೆ. ಪಟ್ಟಿ ಅವರ ಜಾಲತಾಣದಲ್ಲಿದೆ, ಯಾರು ಬೇಕಾದರೂ ಓದಬಹುದು.

ನಾವು ಬಂದರೆ ಇದಕ್ಕೆ ಸಂಬಂಧಪಟ್ಟದ್ದು ಏನೇನು ನೋಡಬಹುದು?

ಶ್ವೇತಭವನದ ಎದುರಿನ ಲಾಫಯೆಟ್ ಪಾರ್ಕಿನಲ್ಲಿ ಗುಲಾಮರ ದುಡಿಮೆಯ ಬಗ್ಗೆ ಫಲಕ ಇದೆ, 2021ರಲ್ಲಿ ಹಾಕಿದ್ದು. ಪಾರ್ಕಿನ ಮೂಲೆಯ ಡೆಕಾಟರ್ ಹೌಸ್‌ನಲ್ಲಿ ಗುಲಾಮರು ವಾಸವಿದ್ದ ಭಾಗ ಇನ್ನೂ ನಿಂತಿದೆ. ಅಲ್ಲಿದ್ದ ಷಾರ್ಲೆಟ್ ಡುಪುಯಿ 1829ರಲ್ಲಿ ತಮ್ಮ ಮಾಲೀಕ, ಆ ಕಾಲದ ದೊಡ್ಡ ರಾಜಕಾರಣಿ ಹೆನ್ರಿ ಕ್ಲೇ ಮೇಲೆಯೇ ಬಿಡುಗಡೆಗಾಗಿ ದಾವೆ ಹೂಡಿದ್ದರು. ದಾವೆ ಸೋತರು. 1840ರಲ್ಲಿ ಕ್ಲೇ ಅವರೇ ಬಿಡುಗಡೆ ಮಾಡಿದರು.

ಪುರುಸೊತ್ತಿದ್ದರೆ ಕ್ವಾರಿಗೆ ಹೋಗಿ. ವರ್ಜೀನಿಯಾದ ಸ್ಟ್ಯಾಫರ್ಡ್ ಕೌಂಟಿಯಲ್ಲಿ ಗವರ್ನಮೆಂಟ್ ಐಲೆಂಡ್ ಅಂತ ಹೆಸರು, ಈಗ ಸಣ್ಣ ಪಾರ್ಕು. ಕಾರಿನಲ್ಲಿ ಒಂದು ಗಂಟೆ, ಟ್ರಾಫಿಕ್ ಇದ್ದರೆ ಎರಡು. ಜೌಗಿನ ಮೇಲೆ ಮರದ ಹಲಗೆಯ ದಾರಿ ದಾಟಿದರೆ ಕಾಡು, ಕಾಡಿನೊಳಗೆ ಕಡಿದ ಬಂಡೆಗಳು. ಅಪ್ಪನನ್ನು ಎರಡನೇ ಸಲ ಅಲ್ಲಿಗೇ ಕರೆದುಕೊಂಡು ಹೋದೆ. ಪಾಚಿ ಹಿಡಿದ ಬಂಡೆಯ ಮೇಲೆ ಓರೆಯಾಗಿ, ಒಂದರ ಪಕ್ಕ ಒಂದು, ಬಾಚಣಿಗೆ ಎಳೆದ ಹಾಗೆ ಗುದ್ದಲಿಯ ಗೆರೆಗಳು. ಅಪ್ಪ ಗೆರೆಯೊಳಗೆ ಬೆರಳಿಟ್ಟು ಎಳೆಯುತ್ತ ಹೋದರು. "ಇವರು ಬಲಗೈಯವರು" ಅಂದರು. ಹತ್ತು ಹೆಜ್ಜೆ ಆಚೆ ಗೆರೆಗಳು ಇನ್ನೊಂದು ಕಡೆಗೆ ವಾಲಿದ್ದವು. ಅಲ್ಲಿ ನಿಂತು, "ಇವರು ಎಡಗೈ ಇರಬೇಕು" ಅಂದರು. ಅವತ್ತು ಫೋಟೋ ತೆಗಿ ಅಂತ ಅವರೇ ಹೇಳಿದರು.